ಫೋಟೋ ಯಾರಿಗೂ ತೋರಿಸಬೇಡಿ ಎಂದವಳಿಗೆ

ಚಿ. ಅನಘಾಳಿಗೆ ಉಡುಪಿಯಿಂದ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಬಿಟ್ಟಿಲ್ಲ, ಅಂಗಳವೆಲ್ಲ ಪಾಚಿ, ನಿನ್ನ ಅತ್ತೆ ನನ್ನನ್ನು ಜಗಲಿ ಇಳಿಯಲು ಬಿಡುವುದಿಲ್ಲ. ಉಳಿದ ಸುದ್ದಿ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ಜರ್ಮನಿಯಲ್ಲಿ ನಿನ್ನ ಓದಿಗೆ ಅಪ್ಪ ಮಾಡಿದ ಸಾಲ, ಅಡವಿನ ವಿಷಯವನ್ನೂ ಮತ್ತೆ ಬರೆಯುವುದಿಲ್ಲ, ಅದು ನಿನಗೂ ಗೊತ್ತು, ನನಗೂ ಗೊತ್ತು.

ಹೈಡೆಲ್‌ಬರ್ಗಿನ ಕೋಟೆ ನೋಡಿದ್ದು ಬರೆದಿದ್ದಿ, ನೆಕ್ಕಾರ್ ಹೊಳೆಯ ಹಳೆ ಸೇತುವೆಯ ಬಗ್ಗೆ ಬರೆದಿದ್ದಿ, ಫೋಟೋಗಳನ್ನೂ ಕಳಿಸಿದ್ದಿ. ಎಲ್ಲ ಚಂದ. ಕೊನೆಗೆ ಒಂದು ಸಾಲು: ‘ಮಾವ, ಇದನ್ನು ಅಪ್ಪ ಅಮ್ಮನಿಗೆ ತೋರಿಸಬೇಡಿ. ಏನು ನೋಡಿದರೂ ಅಪ್ಪನ ಕಿಸೆಯಿಂದ ಕದ್ದು ನೋಡಿದ ಹಾಗೆ ಆಗ್ತದೆ.’ ಅಲ್ಲ ಮಾರಾಯ್ತಿ, ಇಂಥ ಮಾತನ್ನು ಬರೆದು, ಅದರ ಕೆಳಗೆ ‘ಅತ್ತೆಗೆ ನಮಸ್ಕಾರ’ ಅಂತ ಸಹಿ ಹಾಕಿ ಕಳಿಸಿಬಿಟ್ಟೆಯಲ್ಲ. ನಾನು ಎಂತ ಮಾಡಬೇಕು? ತೋರಿಸಲಿಲ್ಲ, ಅದು ಇರಲಿ. ಆದರೆ ಆ ಸಾಲನ್ನು ದಿನಕ್ಕೆ ಎಷ್ಟು ಸಲ ತೆಗೆದು ಓದಿದ್ದೇನೆ ಅಂತ ಲೆಕ್ಕ ಇಲ್ಲ.

ನೀನು ಕಳಿಸಿದ ಫೋಟೋಗಳಲ್ಲಿ ನನಗೆ ಹಿಡಿಸಿದ್ದು ಕೋಟೆಯಲ್ಲ, ಆ ವಿದ್ಯಾರ್ಥಿಗಳ ಜೈಲು. ಕುಡಿದು ಗಲಾಟೆ ಮಾಡಿದವರನ್ನು, ರಾತ್ರಿ ಊರವರ ನಿದ್ದೆ ಕೆಡಿಸಿದವರನ್ನು ವಿಶ್ವವಿದ್ಯಾಲಯವೇ ಹಿಡಿದು ಕೂಡಿಹಾಕುತ್ತಿದ್ದ ಜಾಗ. 1778ರಿಂದ 1914ರವರೆಗೆ ನಡೆಯಿತಂತೆ. ಒಳಗೆ ಕೂತವರು ಗೋಡೆ, ಮಾಡು ಒಂದನ್ನೂ ಬಿಡದೆ ತಮ್ಮ ಹೆಸರು, ಮುಖ, ಟೋಪಿ ಎಲ್ಲ ಬರೆದಿಟ್ಟು ಹೋಗಿದ್ದಾರೆ. ಶಿಕ್ಷೆ ಅನುಭವಿಸಿದವರೇ ಅಷ್ಟು ಮೆರೆದಿರುವಾಗ, ಯಾವ ತಪ್ಪೂ ಮಾಡದ ನೀನು ಒಂದು ಭಾನುವಾರ ಕೋಟೆ ನೋಡಿ ಬಂದು ಅಡಗಿಸಿಡುತ್ತಿ! ನಿನ್ನ ಅತ್ತೆಗೆ ಇದನ್ನು ಹೇಳಿದೆ. ಅವಳು ನಗಲಿಲ್ಲ. ‘ಹುಡುಗಿಗೆ ಅಲ್ಲಿ ಮಾತಾಡಲು ಜನ ಇಲ್ಲ ಅಂತ ಕಾಣ್ತದೆ’ ಅಂದಳು. ಅದೂ ಇರಬಹುದು.

ಕದ್ದ ಹಾಗೆ ಅಂತ ಬರೆದಿದ್ದಿ. ನನಗೆ ಆ ಮಾತು ಹೊಸದಲ್ಲ, ಅದಕ್ಕೇ ಇಷ್ಟು ತಟ್ಟಿತು. ನಾನು ಮುಂಬಯಿಗೆ ಹೋದಾಗ ಕೊಂಕಣ ರೈಲು ಇರಲಿಲ್ಲ. ಅದು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಬಸ್ಸಿನಲ್ಲಿ ಕೂತು ಕೂತು ಕಾಲು ಊದಿಸಿಕೊಂಡು ಇಳಿದವನು ಮಾಟುಂಗದ ಹೋಟೆಲಿನಲ್ಲಿ ಮಾಣಿಯಾದೆ. ಹಗಲು ಟೇಬಲ್ಲು, ರಾತ್ರಿ ಶಾಲೆ, ಶಾಲೆ ಬಿಟ್ಟು ಬಂದರೆ ಬೆಂಚು ಜೋಡಿಸಿ ನಿದ್ದೆ. ತಿಂಗಳಿಗೊಮ್ಮೆ ಊರಿಗೆ ಮನಿಯಾರ್ಡರ್. ಆ ಫಾರಮ್ಮಿನ ಕೆಳಗೆ ನಾಲ್ಕು ಮಾತು ಬರೆಯಲು ಚೂರು ಜಾಗ ಇರುತ್ತಿತ್ತು. ನಾನು ಯಾವಾಗಲೂ ‘ಕ್ಷೇಮ, ಹಣ ಕಳಿಸಿದ್ದೇನೆ’ ಅಂತ ಬರೆಯುತ್ತಿದ್ದೆ. ಬೇರೆ ಬರೆಯಲು ಏನೂ ಇರಲಿಲ್ಲ, ಯಾಕೆಂದರೆ ನಾನು ಏನನ್ನೂ ನೋಡಿರಲಿಲ್ಲ. ರಜೆಯ ದಿನ ಲೋಕಲ್ ಟ್ರೈನಿಗೆ ಕೊಡುವ ದುಡ್ಡೂ ಅಮ್ಮನದ್ದು ಅಂತ ಕಾಣುತ್ತಿತ್ತು. ಮಲಗಿಬಿಡುತ್ತಿದ್ದೆ.

ಕಾರ್ಕಳದ ಕಡೆಯವನೊಬ್ಬ ನಮ್ಮ ಜೊತೆ ಇದ್ದ. ರಜೆ ಸಿಕ್ಕಿತು ಅಂದರೆ ಹೊರಟ. ಬೋರಿವಲಿಯ ಕಾಡಿನೊಳಗೆ ಕಾನ್ಹೇರಿ ಗುಹೆಗಳು ಉಂಟಲ್ಲ, ಬೌದ್ಧ ಭಿಕ್ಷುಗಳದ್ದು, ನೂರಕ್ಕೂ ಹೆಚ್ಚು, ಅವನ್ನು ನೋಡಿ ಬಂದು ರಾತ್ರಿ ಕತ್ತಲಲ್ಲಿ ಹೇಳುತ್ತಿದ್ದ. ಕಲ್ಲಿನಲ್ಲೇ ಕೊರೆದ ನೀರಿನ ತೊಟ್ಟಿ, ಮಲಗುವ ಕಟ್ಟೆ. ನಾವು ಅವನನ್ನು ‘ದೊರೆ’ ಅಂತ ಹಾಸ್ಯ ಮಾಡುತ್ತಿದ್ದೆವು. ಆಮೇಲೆ ಒಮ್ಮೆ ಅಂಚೆ ಕಚೇರಿಯ ಸಾಲಿನಲ್ಲಿ ಅವನು ನನ್ನ ಮುಂದೆ ನಿಂತಿದ್ದ. ಫಾರಮ್ಮು ಕಣ್ಣಿಗೆ ಬಿತ್ತು. ನಾನು ಕಳಿಸುವಷ್ಟೇ ಅವನೂ ಊರಿಗೆ ಕಳಿಸುತ್ತಿದ್ದ. ಅವನಿಗೆ ಬೀಡಿ ಇಲ್ಲ, ಸಿನಿಮಾ ಇಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಅಮ್ಮ, ನಿನ್ನ ಅಜ್ಜಿ, ಕಾಪುವಿನ ಆ ಮನೆ ಬಿಟ್ಟು ಹೆಚ್ಚು ದೂರ ಹೋದವಳಲ್ಲ. ಪಕ್ಕದ ಮನೆಯ ಹುಡುಗಿಯ ಹತ್ತಿರ ಕಾಗದ ಬರೆಸುತ್ತಿದ್ದಳು. ಅದರಲ್ಲಿ ಪ್ರತಿ ಸಲ ಒಂದು ಪ್ರಶ್ನೆ: ‘ಮುಂಬಯಿಯಲ್ಲೂ ಸಮುದ್ರ ಉಂಟಂತಲ್ಲ, ಅದೂ ನಮ್ಮ ಸಮುದ್ರವೇ ಅಂತೆ, ಅಲ್ಲಿ ಹೇಗೆ ಕಾಣ್ತದೆ?’ ದೀಪಸ್ತಂಭದ ಬೆಳಕು ರಾತ್ರಿಯಿಡೀ ಮಾಡಿನ ಮೇಲೆ ಸುತ್ತುವ ಮನೆಯಲ್ಲಿದ್ದವಳು, ಸಮುದ್ರದ್ದೇ ಸುದ್ದಿ ಕೇಳುತ್ತಿದ್ದಳು. ದುಡ್ಡು ಬಂತು ಅಂತ ಬರೆಸಿದ ನೆನಪಿಲ್ಲ, ಸಮುದ್ರದ್ದು ಮಾತ್ರ ನೆನಪು ಉಂಟು. ನಾನು ಉತ್ತರ ಬರೆಯುವ ಮೊದಲೇ ಅವಳು ಹೋದಳು. ಇದನ್ನು ನಿನ್ನ ಅಮ್ಮನ ಹತ್ತಿರ ನಾನು ಯಾವತ್ತೂ ಹೇಳಿಲ್ಲ. ನೀನೂ ಹೇಳುವುದು ಬೇಡ.

ಎಲಿಫೆಂಟಾ ನೋಡಲು ಗೇಟ್‌ವೇಯಿಂದ ಬೋಟಿನಲ್ಲಿ ಒಂದು ಗಂಟೆ ಸಾಕು. ಮುಂಬಯಿಯಲ್ಲಿ ಇದ್ದಷ್ಟು ವರ್ಷ ಹೋಗದವನು ಮೊನ್ನೆ ಮೊನ್ನೆ, ಮಂಡಿ ಆಪರೇಷನ್ ಆದ ಮೇಲೆ, ಮಗ ಸೊಸೆಯ ಜೊತೆ ಹೋದೆ. ಗುಹೆಗೆ ನೂರಕ್ಕೂ ಮೇಲೆ ಮೆಟ್ಟಿಲು. ಡೋಲಿಯವರು ‘ಕೂತುಕೊಳ್ಳಿ ಕಾಕಾ’ ಅಂತ ಬೆನ್ನು ಬಿಡಲಿಲ್ಲ. ನನಗೆ ನಾಚಿಕೆ. ಕೆಳಗೇ ಒಂದು ಅಂಗಡಿಯ ಬೆಂಚಿನಲ್ಲಿ ಕೂತು ಉಪ್ಪು ಖಾರ ಹಾಕಿದ ಸೌತೆಕಾಯಿ ತಿಂದೆ, ಒಂದು ಮಂಗ ಅರ್ಧ ಕಸಿದುಕೊಂಡಿತು. ಅವರು ಮೇಲೆ ಹೋಗಿ ಮೂರು ಮುಖದ ಶಿವನ ಫೋಟೋ ತಂದು ತೋರಿಸಿದರು. ಮೊಬೈಲಿನಲ್ಲಿ ಅಂಗೈಯಗಲ. ಎದುರು ನಿಂತರೆ ಮೂರಾಳಿಗಿಂತ ಎತ್ತರವಂತೆ.

ಇಷ್ಟೆಲ್ಲ ಹೇಳಿ ನಿನ್ನನ್ನು ಎಲ್ಲಿಗೆ ತಂದೆ ಗೊತ್ತಿಲ್ಲ. ಮಾವ ಸಾಲ ಮಾಡಿಯಾದರೂ ತಿರುಗು ಅಂದರು ಅಂತ ಮಾತ್ರ ತಿಳಿಯಬೇಡ. ಪ್ಯಾರಿಸ್ಸು, ಸ್ವಿಟ್ಜರ್ಲೆಂಡಿನ ಹಿಮ ಎಲ್ಲ ಅಲ್ಲೇ ಇರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಊರು ನೋಡಿದರೆ ಆಗ ನೀನು ಹೇಳುವ ಆ ಭಯಕ್ಕೆ ಅರ್ಥ ಬರುತ್ತದೆ. ಆದರೆ ನೀನು ನೋಡಿದ್ದು ಎಂತ? ನಿನ್ನ ಆ ಟಿಕೇಟಿನಲ್ಲೇ, ವಿದ್ಯಾರ್ಥಿಗಳಿಗೆ ಕಡಿಮೆಗೆ ಸಿಗುತ್ತದಲ್ಲ, ಡಾಯ್ಚ್‌ಲಾಂಡ್ ಟಿಕೇಟು, ಅದರಲ್ಲೇ ಹೋಗಿ ಬಂದದ್ದು. ಅದನ್ನು ನೀನು ಹೇಗೂ ತೆಗೆದುಕೊಳ್ಳಲೇಬೇಕು, ಕಾಲೇಜಿಗೆ ಹೋಗಲು ಬೇಕೇ ಬೇಕು. ಅದೇ ಟಿಕೇಟಿನಲ್ಲಿ ದೇಶದ ಯಾವ ಮೂಲೆಗೂ ಊರೂರು ನಿಲ್ಲುವ ರೈಲಿನಲ್ಲಿ ಹೋಗಬಹುದು, ವೇಗದ ಐಸಿಇ ಹತ್ತಬಾರದು ಅಷ್ಟೇ ಅಂತ ನೀನೇ ಬರೆದಿದ್ದಿ. ಹಾಗಾದರೆ ಯಾರ ಕಿಸೆಯಿಂದ ಎಷ್ಟು ಹೋಯಿತು, ಕೂತು ಲೆಕ್ಕ ಹಾಕಿದೆಯಾ? ಹೋಟೆಲಿನ ಗಲ್ಲಾದಲ್ಲಿ ಕೂತವನ ಬುದ್ಧಿ ಇದು, ಬೇಸರ ಮಾಡಬೇಡ.

ಈಗ ಒಂದು ವಿಷಯ ಹೇಳಬೇಕೋ ಬೇಡವೋ ಅಂತ ಇಷ್ಟು ಹೊತ್ತು ಸುತ್ತಿದೆ. ನಿನ್ನ ಅಮ್ಮ ಕಳೆದ ವಾರ ಬಂದಿದ್ದಳು. ಚಾ ಕುಡಿಯುತ್ತಾ, ‘ಅವಳು ವಿಡಿಯೋದಲ್ಲಿ ಯಾವಾಗಲೂ ಅದೇ ಬಿಳಿ ಗೋಡೆಯ ಎದುರು ಕೂತಿರ್ತಾಳೆ ಅಣ್ಣ. ಎಲ್ಲಿಗೂ ಹೋಗುವುದಿಲ್ಲವಂತೆ. ಅಲ್ಲಿ ಯಾರಾದರೂ ತೊಂದರೆ ಕೊಡ್ತಾರಾ? ಊಟ ಸರಿ ಸಿಗ್ತದಾ?’ ಅಂತ ಕೇಳಿದಳು. ಭಾವ ಏನೂ ಮಾತಾಡುವುದಿಲ್ಲವಂತೆ, ಫೋನ್ ಇಟ್ಟ ಮೇಲೆ ತೋಟದ ಕಡೆ ಹೋಗಿಬಿಡುತ್ತಾರಂತೆ. ನನ್ನ ಫೋನಿನಲ್ಲಿ ನಿನ್ನ ಫೋಟೋ, ಸೇತುವೆಯ ಮೇಲೆ ಹಲ್ಲು ಕಾಣುವ ಹಾಗೆ ನಗುತ್ತಾ ನಿಂತದ್ದು. ನಾನು ಫೋನನ್ನು ಬೋರಲು ಮಾಡಿ ಇಟ್ಟೆ. ನಿನಗೆ ಕೊಟ್ಟ ಮಾತು ಉಂಟಲ್ಲ.

ಮಗಳು ಖರ್ಚು ಮಾಡಿದಳು ಅಂತ ಅವರಿಗೆ ನೋವಾದೀತು ಅಂತ ನೀನು ಹೆದರಿದ್ದಿ. ಅವರು ಅದಕ್ಕಲ್ಲ, ಬೇರೆಯದಕ್ಕೇ ಹೆದರಿ ಕೂತಿದ್ದಾರೆ. ನಿನ್ನ ಭಯ ಅವರಿಗೆ ಗೊತ್ತಿಲ್ಲ, ಅವರದ್ದು ನಿನಗೆ ಗೊತ್ತಿಲ್ಲ, ನಡುವೆ ಸಿಕ್ಕಿದವನು ನಾನು.

ಓದು ಮುಗಿದು ಕೆಲಸ ಸಿಕ್ಕಿದ ಮೇಲೆ ನನ್ನ ದುಡ್ಡಿನಲ್ಲಿ ನೋಡ್ತೇನೆ ಅಂತಲೂ ಬರೆದಿದ್ದಿ. ಒಳ್ಳೆಯ ಮಾತು. ಡಿಗ್ರಿ ಆದ ಮೇಲೆ ಕೆಲಸ ಹುಡುಕಲು ಅಲ್ಲಿ 18 ತಿಂಗಳು ಇರಲು ಬಿಡುತ್ತಾರೆ ಅಂತ ಓದಿದೆ. ಆ ದಿನಗಳಲ್ಲಿ ನಿನ್ನ ಮನಸ್ಸು ಕೋಟೆ ನೋಡುವ ಹಾಗೆ ಇರುತ್ತದಾ? ಇಂಟರ್‌ವ್ಯೂ, ಮನೆ ಬಾಡಿಗೆ, ಇಲ್ಲಿ ಕಂತು ಶುರು. ಈಗಲೇ ಕದ್ದ ಹಾಗೆ ಅನಿಸಿದರೆ ಆಗ ಇನ್ನೆಷ್ಟು ಅನಿಸೀತು. ಕೆಲಸ ಸಿಕ್ಕಿದ ಮೇಲೆ ರಜೆ ಎಣಿಸುವ ಬಾಳು, ಅದನ್ನೂ ಊರಿಗೆ ಬರಲು ಉಳಿಸುತ್ತಿ. ಈಗ ಪರೀಕ್ಷೆ ಮುಗಿದು ಅಕ್ಟೋಬರಿನವರೆಗೆ ಪಾಠ ಇಲ್ಲವಲ್ಲ, ಪಾರ್ಟ್ ಟೈಮ್ ಕೆಲಸದ ನಡುವೆ ಒಂದೆರಡು ದಿನ ತೆಗೆ. ಹಾಂ, ತಿರುಗಾಟಕ್ಕೆ ದುಡ್ಡು ಮಾಡಲು ಲೆಕ್ಕಕ್ಕೆ ಸಿಗದ ಕೆಲಸಕ್ಕೆ ಮಾತ್ರ ಹೋಗಬೇಡ. ವರ್ಷಕ್ಕೆ 140 ಪೂರ್ಣ ದಿನ ಅಂತ ಅವರು ಕೊಟ್ಟ ಮಿತಿ ದಾಟಿದರೆ ವೀಸಾಕ್ಕೇ ಕುತ್ತು.

ದೂರ ಹೋಗುವುದೇ ಬೇಡ. ನೀನಿರುವ ಸ್ಟುಟ್‌ಗಾರ್ಟಿನಿಂದ ಎಸ್ಸ್ಲಿಂಗೆನ್ ಅನ್ನುವ ಊರು ಲೋಕಲ್ ರೈಲಿನಲ್ಲಿ ಕಾಲು ಗಂಟೆಯಷ್ಟು ದಾರಿ. ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ಅಲ್ಲಿ, 1881ರಲ್ಲಿ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದವರು. ಟ್ಯೂಬಿಂಗೆನ್ ಇನ್ನು ಸ್ವಲ್ಪ ಆಚೆ, ಸುಮಾರು ಒಂದು ಗಂಟೆ. ಕಿಟ್ಟೆಲ್ ಸಾಹೇಬರ ಕೊನೆಯ ಕಾಲ ಅಲ್ಲಿ ಕಳೆಯಿತು, 1903ರಲ್ಲಿ ಅಲ್ಲೇ ಹೋದರು. ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಪ್ಲೆಬ್ಸ್ಟ್ ಕೂಡ ಇವರಿಬ್ಬರ ಹಾಗೆ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರೇ. ಅಲ್ಲಿಂದ ಆ ಕಾಲದಲ್ಲಿ ಹಡಗು ಹತ್ತಿ ಬಂದವರು ನಮ್ಮ ಊರನ್ನು ಎಷ್ಟು ನೋಡಿದ್ದಾರೆ ನೋಡು, ಹಳ್ಳಿಹಳ್ಳಿ ತಿರುಗಿ ನಮ್ಮ ಗಾದೆಗಳನ್ನೂ ಬಿಡದೆ ಬರೆದುಕೊಂಡರು. ಅವರ ಊರನ್ನು ನಮ್ಮ ಹುಡುಗಿ ಒಬ್ಬಳು ಕಣ್ತುಂಬ ನೋಡಿದರೆ ಯಾರ ಗಂಟು ಹೋಗುತ್ತದೆ? ಅಲ್ಲಿ ನೋಡಲು ಏನು ಉಳಿದಿದೆಯೋ ನಾನು ಹೇಳಲಾರೆ. ಆ ಬೀದಿಗಳಲ್ಲಿ ಸುಮ್ಮನೆ ನಡೆದು ಬಂದು ನನಗೊಂದು ಕಾಗದ ಬರೆ, ಸಾಕು.

ಸ್ಟುಟ್‌ಗಾರ್ಟಿನಲ್ಲಿಯೇ ಗುಡ್ಡ ಹತ್ತುವ ಮೆಟ್ಟಿಲ ದಾರಿಗಳು ನಾನೂರಕ್ಕೂ ಹೆಚ್ಚು ಉಂಟಂತೆ, ದ್ರಾಕ್ಷಿ ತೋಟಗಳ ನಡುವೆ. ಮಂಡಿ ಗಟ್ಟಿ ಇರುವಾಗ ಹತ್ತು.

ಇನ್ನು ಸಣ್ಣಪುಟ್ಟದ್ದು. ನಿನಗೆ ಗೊತ್ತಿದ್ದರೆ ಬಿಟ್ಟುಬಿಡು, ಮುದುಕನ ಗೊಣಗಾಟ. ಸ್ವಿಟ್ಜರ್ಲೆಂಡಿನ ಬಾಸೆಲ್‌ಗೋ ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ಗೋ ಹೋಗುವುದಾದರೆ ಗಡಿ ಎಲ್ಲಿ ದಾಟಿತು ಅಂತ ಗೊತ್ತೇ ಆಗುವುದಿಲ್ಲವಂತೆ, ಆದರೂ ಪಾಸ್‌ಪೋರ್ಟು ಮತ್ತು ಅಲ್ಲಿಯ ವಾಸದ ಕಾರ್ಡು ಎರಡೂ ಕೈಚೀಲದಲ್ಲಿರಲಿ. ನಡುವೆ ಪೊಲೀಸರು ಹತ್ತುತ್ತಾರೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಹಿಂದಿನ ದಿನವೇ ಚಪಾತಿ ಮಾಡಿಟ್ಟುಕೋ. ಒಬ್ಬಳೇ ಹೋಗುವುದಾದರೆ ಕತ್ತಲಾಗುವ ಮೊದಲು ರೈಲು ಹತ್ತು ಅಂತ ಅತ್ತೆ ಬರೆಯಲು ಹೇಳಿದಳು. ಬೇಸಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ ಅಂತ ಅವಳಿಗೆ ನಾನು ಹೇಳಲಿಲ್ಲ.

ಫೋಟೋ ನಾನು ತೋರಿಸುವುದಿಲ್ಲ, ಆ ಮಾತಿಗೆ ತಪ್ಪುವುದಿಲ್ಲ. ಆದರೆ ನಿನ್ನ ಅಮ್ಮ ಇನ್ನೊಮ್ಮೆ ಬಂದು ಅದೇ ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿ ಕೂರುವ ಶಕ್ತಿ ನನಗಿಲ್ಲ. ಅಷ್ಟರೊಳಗೆ ನೀನೇ ಕಳಿಸು. ಎಲ್ಲವನ್ನೂ ಒಟ್ಟಿಗೆ ಕಳಿಸಿ ಗೌಜಿ ಮಾಡಬೇಡ, ಒಂದು ಸಾಕು. ಟಿಕೇಟಿಗೆ ಬೇರೆ ದುಡ್ಡು ಕೊಡಲಿಲ್ಲ ಅಂತ ಕೆಳಗೆ ಬರೆದರೆ ನಿನಗೇ ಸಮಾಧಾನ ಅನಿಸುವುದಾದರೆ ಬರೆ. ಭಾವ ಏನಾದರೂ ಅಂದರೆ ನನಗೆ ಫೋನ್ ಮಾಡಲು ಹೇಳು. ಅವರು ಅನ್ನುವವರಲ್ಲ.

ಅತ್ತೆ ಹಲಸಿನ ಹಪ್ಪಳ, ಮಾಂಬಳ ಕಟ್ಟಿಟ್ಟಿದ್ದಾಳೆ. ಮಣಿಪಾಲದ ಒಬ್ಬ ಹುಡುಗ ಸೆಪ್ಟೆಂಬರಿನಲ್ಲಿ ನಿನ್ನ ಊರಿಗೇ ಓದಲು ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇವೆ. ಅವನಿಗೂ ಊರು ಹೊಸತು, ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬಾ.

ಇತಿ ನಿನ್ನ ಮಾವ