ಅಂದ ಹೊರಗಿರಲಿ, ಒಳಗೆ ಬಿಲವಿರಲಿ

ಮಾನ್ಯ ಸಂಪಾದಕರೇ,

ಸಾಕುಪ್ರಾಣಿಗಳೊಡನೆ ಪ್ರಯಾಣ ಮಾಡುವವರಿಗಾಗಿ ತಮ್ಮ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಚಿತ್ರಪುಟವನ್ನು ಆಸಕ್ತಿಯಿಂದ ನೋಡಿದೆ. ಹ್ಯಾಮ್‌ಸ್ಟರ್, ಗಿನಿಪಿಗ್, ಸಾಕು ಇಲಿಗಳಂಥ ಪುಟ್ಟ ದಂಶಕಗಳನ್ನು, ಅಂದರೆ ಸದಾ ಏನನ್ನಾದರೂ ಕಡಿಯುವ ಹಲ್ಲಿನ ಪ್ರಾಣಿಗಳನ್ನು, ಕೊಂಡೊಯ್ಯಲೆಂದು ಅಲ್ಲಿ ತೋರಿಸಿದ್ದ ಚೀಲಗಳಲ್ಲಿ ಹೆಚ್ಚಿನವಕ್ಕೆ ಮುಂಭಾಗದಲ್ಲಿ ಉಬ್ಬಿದ ಪಾರದರ್ಶಕ ಪ್ಲಾಸ್ಟಿಕ್ ಗುಮ್ಮಟವಿತ್ತು. ಪ್ರಾಣಿ ಅದರೊಳಗಿಂದ ಜಗತ್ತನ್ನು ನೋಡುತ್ತ ಸಾಗುತ್ತದೆ ಎಂಬ ವಿವರಣೆಯೂ ಇತ್ತು. ನಾನು ಚೀಲ ಹೊಲಿಯುವುದನ್ನೇ ಕಸುಬಾಗಿಸಿಕೊಂಡವಳು, ಮನೆಯಲ್ಲಿ ಹ್ಯಾಮ್‌ಸ್ಟರ್ ಸಾಕಿದವಳೂ ಹೌದು. ಆ ಗುಮ್ಮಟವನ್ನು ನೋಡುವವರ ಸಂತೋಷಕ್ಕಾಗಿ ಮಾಡಿದ್ದಾರೆಯೇ ಹೊರತು ಒಳಗಿರುವ ಜೀವಕ್ಕಾಗಿ ಅಲ್ಲ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ದಂಶಕಗಳು ಬೇಟೆಗಾರರಿಂದ ತಲೆಮರೆಸಿಕೊಂಡೇ ಬದುಕಿಬಂದ ಪ್ರಾಣಿಗಳು. ಸುತ್ತ ಬೆಳಕು, ತಲೆಯ ಮೇಲೆ ಬಯಲು ಎಂದರೆ ಅವುಗಳ ಪಾಲಿಗೆ ಹದ್ದಿನ ಕಣ್ಣಿಗೆ ಬಿದ್ದಂತೆಯೇ. ಹ್ಯಾಮ್‌ಸ್ಟರ್‌ನ ದೃಷ್ಟಿ ಎಷ್ಟು ಮಂದವೆಂದರೆ ಮೇಜಿನ ಅಂಚು ಎಲ್ಲಿ ಮುಗಿಯಿತೆಂದು ತಿಳಿಯದೆ ಅದು ಕೆಳಗೆ ಬಿದ್ದುಬಿಡುತ್ತದೆ. ಅದು ಜಗತ್ತನ್ನು ಅರಿಯುವುದು ಮೂಗಿನಿಂದ, ಮೀಸೆಯಿಂದ, ಕಿವಿಯಿಂದ. ಗುಮ್ಮಟದಾಚೆ ಸರಿದುಹೋಗುವ ದೊಡ್ಡ ದೊಡ್ಡ ನೆರಳುಗಳಿಂದ ಅದಕ್ಕೆ ಸಿಗುವುದು ಗಾಬರಿ ಮಾತ್ರ. ಜೊತೆಗೆ, ಬಿಸಿಲು ತಾಗಿದ ಪಾರದರ್ಶಕ ಪ್ಲಾಸ್ಟಿಕ್ ಗಾಜಿನ ಮನೆಯಂತೆ ಶಾಖವನ್ನು ಒಳಗೆ ಬಿಟ್ಟುಕೊಂಡು ಹಿಡಿದಿಡುತ್ತದೆ. ಈ ಪ್ರಾಣಿಗಳಿಗೆ ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳಲು ಬಾರದು, ನಾಯಿಯಂತೆ ನಾಲಿಗೆ ಚಾಚಿ ಏದುಸಿರು ಬಿಟ್ಟು ಸುಧಾರಿಸಿಕೊಳ್ಳಲೂ ಬಾರದು. ಗಿನಿಪಿಗ್‌ಗೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಸೆಕೆಯೇ ಅಪಾಯಕಾರಿ; ದಟ್ಟ ತುಪ್ಪಳದ ಚಿಂಚಿಲ್ಲಾ ಎಂಬ ದಂಶಕಕ್ಕೆ 25 ಡಿಗ್ರಿ ದಾಟಿತೆಂದರೆ ಸಂಕಟ ಶುರು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಣ ಶಾಖ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ ಎಂಬುದನ್ನು ನೆನೆದರೆ, ‘ಐದು ನಿಮಿಷದಲ್ಲಿ ಬಂದೆ’ ಎಂದು ಚೀಲವನ್ನು ಸೀಟಿನ ಮೇಲೆ ಬಿಟ್ಟು ಹೋಗುವವರನ್ನು ಕಂಡಾಗ ನನಗೇಕೆ ಜೀವ ಹಾರುತ್ತದೆ ಎಂಬುದು ತಮಗೂ ತಿಳಿದೀತು.

ಬೇರೆಯವರ ಚೀಲಗಳನ್ನು ಟೀಕಿಸುವ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಮೊದಲ ಬಾರಿಗೆ ನಾನು ಹೊಲಿದದ್ದು ಕ್ಯಾನ್‌ವಾಸ್ ಚೀಲ. ಅಂಚಿಗೆ ಪೈಪಿಂಗ್, ಒಳಗೆ ಹತ್ತಿಬಟ್ಟೆಯ ಲೈನಿಂಗ್, ಮೇಲ್ಭಾಗದಲ್ಲಿ ಎರಡು ರನ್ನರ್‌ಗಳು ನಡುವೆ ಬಂದು ಕೂಡುವ ಜಿಪ್. ನೋಡಿದವರೆಲ್ಲ ಮೆಚ್ಚಿದ್ದರು, ನನಗೂ ಹೆಮ್ಮೆಯಿತ್ತು. ಅದರಲ್ಲಿ ಹ್ಯಾಮ್‌ಸ್ಟರ್ ಇಟ್ಟುಕೊಂಡು ಮುಕ್ಕಾಲು ಗಂಟೆ ಪ್ರಯಾಣ ಮಾಡಿ ಪಶುವೈದ್ಯರ ಬಳಿ ತಲುಪಿ, ಜಿಪ್ ತೆರೆದು ನೋಡಿದರೆ ಚೀಲ ಖಾಲಿ. ಮೂಲೆಯ ಲೈನಿಂಗ್‌ನಲ್ಲಿ ನಾಣ್ಯದಷ್ಟು ಅಗಲದ ತೂತು; ಅದರ ಅಂಚು ನನ್ನ ಕತ್ತರಿಗೂ ಸಾಧ್ಯವಾಗದಷ್ಟು ನೀಟಾಗಿತ್ತು. ಪುಣ್ಯಕ್ಕೆ ಹೊರಗಿನ ಕ್ಯಾನ್‌ವಾಸ್ ಇನ್ನೂ ಉಳಿದಿತ್ತು. ಎರಡು ಬಟ್ಟೆಗಳ ನಡುವೆ ಒಂದು ಉಬ್ಬು ತಳದಿಂದ ಮೇಲಕ್ಕೆ, ಮೇಲಿಂದ ತಳಕ್ಕೆ ಓಡಾಡುತ್ತಿತ್ತು. ಕಾಯುವ ಕೋಣೆಯಲ್ಲೇ ಕುಳಿತು, ಚಿಕ್ಕ ಕತ್ತರಿಯೊಂದನ್ನು ಕೇಳಿ ಪಡೆದು, ಒಂದೊಂದೇ ಹೊಲಿಗೆಯನ್ನು ಬಿಚ್ಚಿ ಅದನ್ನು ಹೊರತೆಗೆದೆ. ನನ್ನ ಕಸುಬಿನಲ್ಲಿ ಅಷ್ಟು ಕೈ ನಡುಗಿದ್ದು ಅದೊಂದೇ ಸಲ. ವೈದ್ಯರು ಅದು ಆಹಾರ ತುಂಬಿಕೊಳ್ಳುವ ಕೆನ್ನೆಯೊಳಗಿನ ಚೀಲದಿಂದ ಲೈನಿಂಗ್‌ನ ದಾರದ ಎಳೆಗಳನ್ನು ಚಿಮಟದಲ್ಲಿ ಎಳೆದು ತೆಗೆದರು. ಹೊಟ್ಟೆಗೆ ಇಳಿದಿದ್ದರೆ ಕರುಳು ಕಟ್ಟಿಕೊಳ್ಳುತ್ತಿತ್ತು, ಕಾಲಿಗೆ ಸುತ್ತಿಕೊಂಡಿದ್ದರೆ ರಕ್ತ ಓಡುತ್ತಿರಲಿಲ್ಲ ಎಂದರು. ಹಾಸಿಗೆಂದು ಹತ್ತಿಯನ್ನೋ ನಾರುನಾರಾದ ಬಟ್ಟೆಯನ್ನೋ ಹಾಕಬಾರದು, ಕೈಯಿಂದ ಹರಿದ ಸುವಾಸನೆಯಿಲ್ಲದ ಟಿಶ್ಯೂ ಕಾಗದವೇ ಲೇಸು ಎಂಬುದನ್ನು ನಾನು ಕಲಿತದ್ದು ಅಂದು.

ಇದು ನನ್ನೊಬ್ಬಳ ಅನುಭವವೂ ಅಲ್ಲ. 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅವರು ಸಿರಿಯಾದ ಅಲೆಪ್ಪೋ ಸೀಮೆಯ ಹೊಲವೊಂದರಲ್ಲಿ ನೆಲ ಅಗೆಸಿ ಹೊಂಬಣ್ಣದ ಹ್ಯಾಮ್‌ಸ್ಟರ್ ಮರಿಗಳನ್ನು ಹಿಡಿದು ಜೆರುಸಲೇಮ್‌ಗೆ ತಂದಾಗ, ಅವುಗಳಲ್ಲಿ ಕೆಲವು ಪಂಜರದ ಮರದ ತಳವನ್ನು ಕಡಿದು ತಪ್ಪಿಸಿಕೊಂಡವು. ಉಳಿದ ಬೆರಳೆಣಿಕೆಯ ಮರಿಗಳ ಸಂತತಿಯೇ ಇಂದು ಮನೆಮನೆಗಳಲ್ಲಿದೆ. ದಂಶಕಗಳ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿಯುವುದು ಅವಕ್ಕೆ ಚಟವಲ್ಲ, ಅಗತ್ಯ. ಆದ್ದರಿಂದ ಬಟ್ಟೆಯ ಚೀಲ ಎಷ್ಟೇ ದಪ್ಪವಿದ್ದರೂ ಅದು ಹೊರಗವಸಾಗಬಲ್ಲದೇ ಹೊರತು ಒಳಗೋಡೆಯಾಗಲಾರದು.

ಆದರೆ ಹಲ್ಲಿಗೂ ಒಂದು ಮಿತಿಯಿದೆ. ಕಡಿಯಲು ಆರಂಭಿಸಬೇಕಾದರೆ ಹಲ್ಲಿಗೆ ಒಂದು ಅಂಚು ಸಿಗಬೇಕು. ನುಣುಪಾದ ಚಪ್ಪಟೆ ಗೋಡೆಯ ಮೇಲೆ ಅದು ಜಾರುತ್ತದೆ. ನನ್ನ ಎರಡನೆಯ ಪ್ರಯತ್ನ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಒಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಮೂಲೆಗಳೆಲ್ಲ ದುಂಡು, ಹೊಲಿಗೆಯಾಗಲಿ ಕೀಲಾಗಲಿ ಒಳಮುಖಕ್ಕೆ ಇಲ್ಲ. ಗಾಳಿಯ ತೂತುಗಳು ಎದುರುಬದುರಿನ ಎರಡು ಗೋಡೆಗಳ ಮೇಲ್ಭಾಗದಲ್ಲಿವೆ. ಅವುಗಳ ಹಿಂದೆ ಸ್ಟೀಲ್ ಜಾಲರಿ, ಜಾಲರಿಯ ಅಂಚು ಹೊರಮುಖಕ್ಕೆ ಮಡಿಚಿದೆ. ಚೀಲವನ್ನು ಮೈಗೆ ಒತ್ತಿಕೊಂಡಾಗ ಅಥವಾ ಸೀಟಿಗೆ ಆನಿಸಿದಾಗ ಗಾಳಿ ನಿಲ್ಲದಿರಲೆಂದು ಹೊರಗವಸಿಗೂ ಪೆಟ್ಟಿಗೆಗೂ ನಡುವೆ ಬೆರಳಗಲ ಉಬ್ಬುಪಟ್ಟಿಗಳನ್ನು ಕೊಟ್ಟಿದ್ದೇನೆ. ಮಾರಾಟದ ಚೀಲಗಳಲ್ಲಿ ನಾನು ಹುಡುಕಿಯೂ ಕಾಣದಿದ್ದದ್ದು ಈ ಪಟ್ಟಿ.

ಅಳತೆಯ ಮಾತಿಗೆ ಬಂದರೆ, ‘ಎಲ್ಲ ಚಿಕ್ಕ ಪ್ರಾಣಿಗಳಿಗೂ ಸರಿಹೊಂದುತ್ತದೆ’ ಎಂಬ ಚೀಟಿಯನ್ನು ನಂಬಬಾರದು. ಮೇಲೆ ಹೇಳಿದ ಹೊಂಬಣ್ಣದ, ಅಂದರೆ ಸಿರಿಯನ್ ಹ್ಯಾಮ್‌ಸ್ಟರ್ 100ರಿಂದ 150 ಗ್ರಾಂ ತೂಗುತ್ತದೆ, ಡ್ವಾರ್ಫ್ ಎಂಬ ಕುಳ್ಳ ಜಾತಿಯ ಹ್ಯಾಮ್‌ಸ್ಟರ್ 30ರಿಂದ 50 ಗ್ರಾಂ, ಗಿನಿಪಿಗ್ ಸುಮಾರು 700 ಗ್ರಾಂನಿಂದ ಒಂದು ಕಿಲೋ ದಾಟುತ್ತದೆ. ತಲೆ ತೂರಿದ ಕಡೆ ಮೈಯೂ ತೂರುವುದು ಇವುಗಳ ಸ್ವಭಾವ. ಸಿರಿಯನ್ ಹ್ಯಾಮ್‌ಸ್ಟರ್‌ಗೆ ಒಂದು ಸೆಂಟಿಮೀಟರಿನ ಕಂಡಿ ನಡೆದೀತು, ಡ್ವಾರ್ಫ್‌ಗೂ ಚಿಟ್ಟಿಲಿಗೂ 6 ಮಿಲಿಮೀಟರ್ ಮೀರಬಾರದು. ಪೆಟ್ಟಿಗೆ ದೊಡ್ಡದಾದಷ್ಟೂ ಒಳ್ಳೆಯದೆಂಬ ಭಾವನೆಯೂ ತಪ್ಪು. ಮನೆಯ ಪಂಜರ ವಿಶಾಲವಾಗಿರಬೇಕು, ಪ್ರಯಾಣದ ಪೆಟ್ಟಿಗೆಯಲ್ಲಿ ಪ್ರಾಣಿ ಸಲೀಸಾಗಿ ಹೊರಳಿ ತಿರುಗುವಷ್ಟು, ಮೈಚಾಚಿ ಮಲಗುವಷ್ಟು ಜಾಗವಿದ್ದರೆ ಸಾಕು. ಅದಕ್ಕಿಂತ ದೊಡ್ಡದಾದರೆ ವಾಹನ ಬ್ರೇಕ್ ಹಾಕಿದಾಗ ಅದು ಗೋಡೆಯಿಂದ ಗೋಡೆಗೆ ಎಸೆಯಲ್ಪಡುತ್ತದೆ. ನನ್ನ ಪೆಟ್ಟಿಗೆಯ ಒಳ ಅಳತೆ 30 ಸೆಂಟಿಮೀಟರ್ ಉದ್ದ, 20 ಅಗಲ, 20 ಎತ್ತರ. ಓಡುವ ಚಕ್ರ, ಪಿಂಗಾಣಿ ಬಟ್ಟಲು, ಮರದ ಆಟಿಕೆ ಇವೆಲ್ಲ ಮನೆಯಲ್ಲೇ ಉಳಿಯಲಿ. ನೀರಿನ ಬಾಟಲಿಯೂ ಕುಲುಕಾಟಕ್ಕೆ ತೊಟ್ಟಿಕ್ಕಿ ಹಾಸನ್ನು ಒದ್ದೆ ಮಾಡುತ್ತದೆ. ದಾರಿಯಲ್ಲಿ ಸೌತೆಕಾಯಿಯ ಒಂದು ಹೋಳು ಸಾಕು, ನಿಂತಾಗ ಬಾಟಲಿ ತೋರಿಸಿದರಾಯಿತು.

ಮುಚ್ಚಳದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅವಘಡಗಳು ಹೆಚ್ಚಾಗಿ ಅಲ್ಲಿಯೇ ಆಗುತ್ತವೆ. ಪಕ್ಕದ ಬಾಗಿಲನ್ನು ತೆರೆದ ಕ್ಷಣ ಇಲಿ, ಹ್ಯಾಮ್‌ಸ್ಟರ್‌ಗಳು ಬಾಣದಂತೆ ಹೊರಬೀಳುತ್ತವೆ. ಮೇಲಿನ ಮುಚ್ಚಳದಿಂದ ಆ ಭಯವಿಲ್ಲ, ಆದರೆ ಮೇಲಿಂದ ಇಳಿದುಬರುವ ಕೈ ಅವುಗಳಿಗೆ ಹದ್ದಿನ ಉಗುರಾಗಿಯೇ ಕಾಣುತ್ತದೆ. ನಾನು ಮೇಲಿನ ಮುಚ್ಚಳವನ್ನೇ ಇಟ್ಟು, ಒಳಗೆ ರಟ್ಟಿನ ಕೊಳವೆಯೊಂದನ್ನು ಹಾಕಿದ್ದೇನೆ. ಪ್ರಾಣಿ ಅದರೊಳಗೆ ಸೇರಿಕೊಳ್ಳುತ್ತದೆ, ಎರಡೂ ತುದಿಗೆ ಅಂಗೈ ಹಿಡಿದು ಕೊಳವೆ ಸಮೇತ ಎತ್ತಿದರೆ ಮುಗಿಯಿತು. ಗಿನಿಪಿಗ್ ಸಾಕುವವರಿಗೆ ಮಾತ್ರ ಮುಂಬಾಗಿಲೇ ಸರಿ, ಅದು ತಾನಾಗಿ ನಡೆದು ಒಳಹೋಗಲು ಕಲಿಯುತ್ತದೆ. ಮುಚ್ಚಳದ ಕೀಲಿನ ಬಳಿ ಬಾಲ ಸಿಕ್ಕಿಕೊಳ್ಳುವ ಸಂದು ಇರಬಾರದು. ಜರ್ಬಿಲ್ ಎಂಬ ಉದ್ದಬಾಲದ ದಂಶಕದ ಬಾಲದ ಚರ್ಮ ಒಂದು ಎಳೆತಕ್ಕೆ ಕಳಚಿಬರುತ್ತದೆ, ಮತ್ತೆ ಬೆಳೆಯುವುದಿಲ್ಲ. ಚಿಲಕ ಎರಡಿರಬೇಕು, ಒಂದರ ಹಂಗು ಇನ್ನೊಂದಕ್ಕೆ ಇರಬಾರದು. ವೆಲ್ಕ್ರೋ ಬೇಡವೇ ಬೇಡ. ನಮ್ಮ ಕಿವಿಗೆ 20 ಕಿಲೋಹರ್ಟ್ಸ್‌ಗಿಂತ ಮೇಲಿನ ಕಂಪನದ ತೀರ ಕೀರಲು ಸದ್ದು ಕೇಳಿಸದು. ಇಲಿಗಳಿಗೆ 70 ಕಿಲೋಹರ್ಟ್ಸ್ ಆಚೆಯದೂ ಕೇಳಿಸುತ್ತದೆ. ನಮಗೇ ಕರ್ಕಶವೆನಿಸುವ ವೆಲ್ಕ್ರೋದ ಆ ಪರಪರ ಸದ್ದು ತಲೆಯ ಮೇಲೆಯೇ ಕೇಳಿದರೆ ಅವುಗಳ ಗತಿ ಏನಾಗಬೇಡ!

ಇಷ್ಟೆಲ್ಲ ಹೇಳಿದ ಮೇಲೆ, ಅಂದಚೆಂದ ಬೇಡವೆಂದು ನಾನು ವಾದಿಸುತ್ತಿದ್ದೇನೆಂದು ಓದುಗರು ಭಾವಿಸಬಾರದು. ಅಂದವಿಲ್ಲದ ಪೆಟ್ಟಿಗೆಯನ್ನು ಜನ ನಾಚಿಕೊಂಡು ಕಾರಿನ ಡಿಕ್ಕಿಗೆ ತಳ್ಳುತ್ತಾರೆ. ಚೆಂದದ ಚೀಲವಾದರೆ ಮಡಿಲಲ್ಲಿ, ಕಣ್ಣೆದುರಿನಲ್ಲಿ ಇರುತ್ತದೆ. ಆ ಕಾರಣಕ್ಕೇ ಅಂದವೂ ಸುರಕ್ಷತೆಯ ಒಂದು ಭಾಗ. ಒಳಗಿನ ಪೆಟ್ಟಿಗೆ ಗಟ್ಟಿಯಾಗಿದ್ದರೆ ಹೊರಗವಸಿನಲ್ಲಿ ಹೊಲಿಯುವವರ ಕೈಗೆ ಪೂರ್ಣ ಸ್ವಾತಂತ್ರ್ಯ ಸಿಗುತ್ತದೆ. ನಾನು ಬಳಸಿದ್ದು ತಿಳಿ ಬೂದುಬಣ್ಣದ ಕ್ಯಾನ್‌ವಾಸ್, ಕಂದು ಚರ್ಮದ ಹಿಡಿಕೆ, ಹಿತ್ತಾಳೆಯ ಬಕಲ್. ತಿಳಿಬಣ್ಣ ಬಿಸಿಲನ್ನು ಕಡಿಮೆ ಹೀರುತ್ತದೆ, ಕಪ್ಪು ಬಟ್ಟೆ ಎಷ್ಟೇ ಗತ್ತಿನದಾದರೂ ಒಲೆಯಾಗುತ್ತದೆ. ಪಕ್ಕದಲ್ಲಿ ಕಾಗದ ಇಡುವ ಜೇಬಿನಂತೆ ಕಾಣುವ ಭಾಗ ತಣ್ಣಗಿನ ಜೆಲ್ ಪ್ಯಾಕ್ ಇಡುವ ಸ್ಥಳ. ಅದು ಒಂದೇ ಗೋಡೆಗೆ ತಾಗಿರುವುದರಿಂದ, ತಂಪು ಬೇಕಾದಾಗ ಪ್ರಾಣಿ ಅತ್ತ ಸರಿಯುತ್ತದೆ, ಬೇಡವಾದಾಗ ಇತ್ತ. ಹೆಗಲಿಗೆ ನೇತುಹಾಕಿದ ಚೀಲ ಹೆಜ್ಜೆಹೆಜ್ಜೆಗೂ ಸೊಂಟಕ್ಕೆ ಬಡಿಯುವುದರಿಂದ ಉದ್ದನೆಯ ಪಟ್ಟಿಯನ್ನು ಕೈಬಿಟ್ಟೆ. ಹಿಂಭಾಗದಲ್ಲಿ ಸೀಟ್‌ಬೆಲ್ಟ್ ತೂರಿಸುವ ಎರಡು ಕುಣಿಕೆಗಳಿವೆ. ಅಂಟು, ಹೊಸ ಚರ್ಮ ಇವುಗಳ ವಾಸನೆ ಹೋಗಲು ಚೀಲವನ್ನು ಒಂದು ವಾರ ಗಾಳಿಗಿಟ್ಟು, ಮೊದಲ ಸಲ ಬಳಸುವಾಗ ಹಳೆಯ ಪಂಜರದ ಒಂದು ಹಿಡಿ ಹಾಸನ್ನು ಒಳಗೆ ಹರಡಿದೆ. ತನ್ನದೇ ವಾಸನೆ ಸಿಕ್ಕಿದ್ದೇ ತಡ, ಹ್ಯಾಮ್‌ಸ್ಟರ್ ಕಾಗದವನ್ನೆಲ್ಲ ಗೋರಿಕೊಂಡು ಕೊಳವೆಯೊಳಗೆ ಮಲಗಿಬಿಟ್ಟಿತು.

ಒಂದೇ ಚೀಲದಲ್ಲಿ ಎರಡು ಹ್ಯಾಮ್‌ಸ್ಟರ್‌ಗಳು ಅಕ್ಕಪಕ್ಕ ಕುಳಿತ ಚಿತ್ರವೊಂದು ತಮ್ಮ ಪುಟದಲ್ಲಿತ್ತು. ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್‌ಗಳು ಒಂಟಿಜೀವಿಗಳು, ಒಟ್ಟಿಗಿಟ್ಟರೆ ಸಾಯುವಂತೆ ಕಚ್ಚಾಡುತ್ತವೆ. ಗಿನಿಪಿಗ್‌ಗಳ ಸ್ವಭಾವ ಇದಕ್ಕೆ ವಿರುದ್ಧ, ಜೊತೆಗಾರ ಪಕ್ಕದಲ್ಲಿದ್ದರೆ ಅವು ಪ್ರಯಾಣವನ್ನು ಹೆಚ್ಚು ಸಮಾಧಾನದಿಂದ ಸಹಿಸುತ್ತವೆ. ಆ ಚಿತ್ರವನ್ನು ನೋಡಿ ಯಾರಾದರೂ ಅನುಕರಿಸುವ ಮೊದಲು ಒಂದು ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಮುಂದೆ ಇಂಥ ಪುಟ ರೂಪಿಸುವಾಗ ಪ್ರತಿ ಚೀಲದ ಕೆಳಗೆ ಅದರ ಒಳ ಅಳತೆ, ಗಾಳಿಕಂಡಿಯ ಅಗಲ, ಚಿಲಕಗಳ ಸಂಖ್ಯೆ ಇಷ್ಟನ್ನು ಒಂದು ಸಾಲಿನಲ್ಲಿ ಅಚ್ಚು ಹಾಕಿ. ಸ್ಥಳವಿದ್ದರೆ ಚೀಲವನ್ನು ಒಳಹೊರಗು ಮಾಡಿ ತೆಗೆದ ಒಂದು ಚಿತ್ರವೂ ಇರಲಿ, ಹೊಲಿಗೆಗಳು ಕಾಣುವಂತೆ.

ಇಂತಿ ತಮ್ಮ ವಿಶ್ವಾಸಿ,
ಚೀಲ ಹೊಲಿಯುವ ಓದುಗಾರ್ತಿ