ಅಡಿಕೆ ಹಾಳೆ ಇಡಲೊಂದು ಒಣ ಜಾಗ ಬೇಕಾಗಿದೆ: ಮುಳುಗಡೆ ಕುಟುಂಬಗಳ ತಟ್ಟೆ ಘಟಕಕ್ಕಾಗಿ ದೇಣಿಗೆ ಮನವಿ

ಮಾನ್ಯರೇ,

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿತು. ಅಲ್ಲಿಂದ ಎದ್ದುಬಂದ ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ಹಕ್ಕುಪತ್ರವಿಲ್ಲ. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಜಮೀನಿನ ಮೇಲೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದಿಲ್ಲ. ಸಾಗರ ತಾಲ್ಲೂಕಿನ ಇಂಥ ಕುಟುಂಬಗಳ ಮಹಿಳೆಯರು ಸ್ವಸಹಾಯ ಸಂಘ ಕಟ್ಟಿಕೊಂಡು ನಡೆಸುತ್ತಿರುವ ಅಡಿಕೆ ಹಾಳೆ (ಸೋಗೆಯ ಬುಡದ ಅಗಲವಾದ ಪೊರೆ) ತಟ್ಟೆ ಘಟಕಕ್ಕೆ ಹಾಳೆ ಕೂಡಿಡುವ ಶೆಡ್ ಕಟ್ಟಲು ನಮ್ಮ ಟ್ರಸ್ಟ್ ತಮ್ಮಲ್ಲಿ ನೆರವು ಕೇಳುತ್ತಿದೆ.

ಯಂತ್ರಕ್ಕೆ ದಾನಿಗಳು ಸಿಗುತ್ತಾರೆ, ಅದರ ಮೇಲೆ ಹೆಸರು ಬರೆಸಬಹುದಲ್ಲ! ಆದರೆ ಮಲೆನಾಡಿನಲ್ಲಿ ಘಟಕ ನಿಲ್ಲುವುದು ಹಾಳೆ ಕೆಟ್ಟು. ಒಳ್ಳೆಯ ಹಾಳೆ ಸಿಗುವುದು ಜನವರಿಯಿಂದ ಮೇವರೆಗೆ. ಜೂನ್ ಹಿಡಿದರೆ ನಾಲ್ಕು ತಿಂಗಳು ಕೂಡಿಟ್ಟದ್ದರಲ್ಲೇ ಕೆಲಸ. ತೇವ ತಗುಲಿದ ಹಾಳೆಗೆ ವಾರದೊಳಗೆ ಬೂಷ್ಟು ಬರುತ್ತದೆ. ಉಜ್ಜಿ ತೊಳೆದರೂ ಕಪ್ಪು ಚುಕ್ಕೆ ಹೋಗದು, ಅಂಗಡಿಯವರು ಇಡೀ ಕಟ್ಟನ್ನೇ ವಾಪಸು ಕಳಿಸುತ್ತಾರೆ.

ದಿನಕ್ಕೆ 400 ಹಾಳೆಯಂತೆ ನೂರು ದಿನಕ್ಕೆ 40,000 ಹಾಳೆ ಬೇಕು. ಅದಕ್ಕೆ 20×30 ಅಡಿಯ ಶೆಡ್ ಸಾಕು. ನೆಲದಿಂದ ಎರಡಡಿ ಎತ್ತರಕ್ಕೆ ಅಡಿಕೆ ದಬ್ಬೆಯ ಅಟ್ಟಣಿಗೆ, ಗೋಡೆಗೂ ಹಾಳೆ ಕಟ್ಟಿಗೂ ನಡುವೆ ಅರ್ಧ ಅಡಿ ಸಂದು, ಇರಚಲು ಹೊಡೆಯದಂತೆ ಮೂರಡಿ ಮುಂಚಾಚಿದ ಮಾಡು. ಕಬ್ಬಿಣದ ಪೈಪುಗಳಿಗೆ ವೆಲ್ಡಿಂಗ್ ಬೇಡ, ನಟ್ಟು-ಬೋಲ್ಟೇ ಇರಲಿ. ಜಾಗದ ದಾಖಲೆ ಗಟ್ಟಿಯಿಲ್ಲದ ಕಡೆ, ಏಳಿ ಎಂದರೆ ಬಿಚ್ಚಿ ಸಾಗಿಸುವಂತಿರಬೇಕು.

ಉಳಿದ ಕೆಲಸ ಅವರಿಗೆ ಕರಗತ. ಹಾಳೆಯನ್ನು 15-20 ನಿಮಿಷ ನೆನೆಸಿ, ಬ್ರಷ್‌ನಲ್ಲಿ ತಿಕ್ಕಿ, ನೀರು ಸೋರಿಸಿ, ಕಾದ ಡೈಯಲ್ಲಿ (ತಟ್ಟೆಯ ಅಚ್ಚಿನಲ್ಲಿ) ಒತ್ತುತ್ತಾರೆ. ನೆನೆದದ್ದು ಕಡಿಮೆಯಾದರೆ ಅಂಚು ಸೀಳುತ್ತದೆ, ಹೆಚ್ಚಾದರೆ ತಟ್ಟೆ ಸೊಟ್ಟಗಾಗುತ್ತದೆ. ಕರೆಂಟು ಹೇಳದೆ ಹೋಗುವುದರಿಂದ ಒಮ್ಮೆಗೆ ಅರ್ಧ ಗಂಟೆಯ ಕೆಲಸಕ್ಕಾಗುವಷ್ಟೇ ನೆನೆಸುವುದು.

ಶೆಡ್ಡು, ಯಂತ್ರ ಎರಡೂ ಸಂಘದ ಹೆಸರಿನಲ್ಲೇ ಇರುತ್ತವೆ, ಟ್ರಸ್ಟಿನ ಹೆಸರಿನಲ್ಲಲ್ಲ. ಪ್ರತಿ ನೂರು ತಟ್ಟೆಗೆ ಇಷ್ಟು ಎಂದು ರಿಪೇರಿ ನಿಧಿಗೆ ತೆಗೆದಿಟ್ಟ ಮೇಲೆಯೇ ಕೂಲಿ, ಲಾಭದ ಲೆಕ್ಕ. ದೇಣಿಗೆಯೂ ನೇರವಾಗಿ ಸಂಘದ ಬ್ಯಾಂಕ್ ಖಾತೆಗೆ ಹೋಗುತ್ತದೆ, ರಸೀದಿ ಸಂಘದ್ದೇ. ಶೀಟು, ಪೈಪು ಕೊಡಿಸುವುದಾದರೂ ಸರಿ, ಮೇ ಮುಗಿಯುವುದರೊಳಗೆ ಮಾಡು ಹೊದಿಸಬೇಕು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದವರು ಹಾಳೆಯನ್ನೇ ಕೊಡಬಹುದು. ಎಕರೆಗೆ 500 ಮರ, ಮರಕ್ಕೆ ವರ್ಷಕ್ಕೆ ಐದಾರು ಎಂದರೂ ಎರಡೂವರೆ ಸಾವಿರ ಹಾಳೆಗೆ ಮೋಸವಿಲ್ಲ. ಸೋಗೆ ಕಡಿದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಐವತ್ತರ ಕಟ್ಟು ಮಾಡಿಟ್ಟರೆ ಗಾಡಿ ನಾವೇ ಕಳಿಸುತ್ತೇವೆ. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಕೊಳೆರೋಗದ ಔಷಧಿ) ಹೊಡೆದ ಮೇಲೆ ಬಿದ್ದ ಹಾಳೆ ಮಾತ್ರ ಬೇಡ, ಉಣ್ಣುವ ತಟ್ಟೆಯಲ್ಲಿ ಮೈಲುತುತ್ತ ಇರಬಾರದು.