ಬೀಗ ಹಾಕದೆ ಸಭೆಗೆ ಬರುವುದು ಹೇಗೆ?

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಭಾರತೀಯ ಗ್ರಂಥಾಲಯ ಸಂಘದ ಕೌನ್ಸಿಲ್‌ಗೆ ನೀನು ಆರಿಸಿ ಬಂದ ಸುದ್ದಿಯನ್ನು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ತುಂಬಾ ಸಂತೋಷ. ಹಳ್ಳಿ ಗ್ರಂಥಾಲಯಗಳ ಪರ ಮಾತಾಡುತ್ತೇನೆ ಅಂತ ಮತ ಕೇಳಿದ್ದೆಯಂತೆ. ಹಾಗಾದರೆ ನಾಲ್ಕು ಮಾತು ಹೇಳಲೇಬೇಕು.

1933ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಸಂಘ ಅದು. ನಾನು ಕಂಡ ಸಮ್ಮೇಳನಗಳಲ್ಲಿ ವಿಶ್ವವಿದ್ಯಾಲಯ, ಕಾಲೇಜುಗಳವರೇ ಜಾಸ್ತಿ. ಒಳ್ಳೆಯ ಜನ, ಓದಿಕೊಂಡ ಜನ. ಆದರೆ ಪಂಚಾಯ್ತಿ ಪಕ್ಕದ ಒಂದು ಕೋಣೆ, ನಾಲ್ಕು ಬೀರು, ಎರಡು ಮೇಜು ಅವರ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಬಾಗಿಲು ತೆಗೆಯುವುದು, ಕಸ ಗುಡಿಸುವುದು, ರಿಜಿಸ್ಟರ್ ಬರೆಯುವುದು, ಮಕ್ಕಳಿಗೆ ಕಥೆ ಓದಿ ಹೇಳುವುದು, ಎಲ್ಲಾ ಒಬ್ಬಳೇ ಮೇಲ್ವಿಚಾರಕಿಯ ಕೆಲಸ. ಅವಳು ಸಮ್ಮೇಳನಕ್ಕೆ ಹೊರಟರೆ ಗ್ರಂಥಾಲಯಕ್ಕೆ ಬೀಗ. ಬರುವ ಗೌರವಧನದಲ್ಲಿ ರೈಲು ಟಿಕೆಟ್ಟು, ನೋಂದಣಿ ಶುಲ್ಕ ಎಲ್ಲಿಂದ ಹೊಂದಿಸುತ್ತಾಳೆ? ಎಷ್ಟೋ ಜನಕ್ಕೆ ಗ್ರಂಥಾಲಯ ವಿಜ್ಞಾನದ ಬಿ.ಲಿಬ್ ಪದವಿಯೂ ಇಲ್ಲ. ಅಷ್ಟಕ್ಕೇ ಅವರು ನಮ್ಮ ವೃತ್ತಿಯವರಲ್ಲ ಅನ್ನಲಾದೀತಾ? 2019ರಲ್ಲಿ ನಮ್ಮ ಪಂಚಾಯ್ತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಹೋದವಲ್ಲ, ಆಮೇಲಂತೂ ‘ಅವರದ್ದು ಬೇರೆ ಇಲಾಖೆ’ ಅಂತ ಜಾರಿಕೊಳ್ಳುವವರೂ ಸಿಗುತ್ತಾರೆ.

ಮೊದಲ ಸಭೆಯಲ್ಲೇ ಇದನ್ನು ಎತ್ತು. ಇಂಥವರಿಗೆ ಕಡಿಮೆ ಶುಲ್ಕದ ಸದಸ್ಯತ್ವ ಬೇಕು. ತರಬೇತಿ ಜಿಲ್ಲಾ ಕೇಂದ್ರದಲ್ಲೇ ನಡೆಯಲಿ, ಅದೂ ವಾರದ ರಜೆಯ ದಿನ, ಕನ್ನಡದಲ್ಲಿ. ಇಷ್ಟು ಸಿಕ್ಕರೂ ದೊಡ್ಡದೇ.

‘ಪಾಪ, ಹಳ್ಳಿಯವರು’ ಅನ್ನುವ ಧಾಟಿ ಮಾತ್ರ ಬೇಡ. ಅಯ್ಯೋ ಅಂತಾರೆ, ಚಹಾಕ್ಕೆ ಏಳುತ್ತಾರೆ. ಲೆಕ್ಕ ಇಟ್ಟುಕೊಂಡು ಹೋಗು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲಿಯಾಗುತ್ತದೆ. ನಿನಗೆ ಗೊತ್ತಿರುವ ಒಂದಷ್ಟು ಪಂಚಾಯ್ತಿಗಳಲ್ಲಿ ಬಂದದ್ದೆಷ್ಟು, ಪುಸ್ತಕಕ್ಕೆ ಹೋದದ್ದೆಷ್ಟು ಅಂತ ಒಂದೇ ಹಾಳೆಯಲ್ಲಿ ಬರೆದುಕೋ. ಸಾಧನೆಯನ್ನೂ ಹೇಳು. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದ್ದಾಗ ‘ಓದುವ ಬೆಳಕು’ ಅಭಿಯಾನ ಶುರುವಾಗಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡದ್ದು ಈ ಸಣ್ಣ ಕೋಣೆಗಳೇ ಅಲ್ವಾ?

ಅಲ್ಲಿ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಹೆಸರು ಎತ್ತದ ಭಾಷಣವೇ ಇರುವುದಿಲ್ಲ, ನೋಡುತ್ತಿರು! ಆಗ ನೀನು ತಮಿಳುನಾಡಿನ ಮನ್ನಾರ್‌ಗುಡಿಯನ್ನು ನೆನಪಿಸು. 1931ರಲ್ಲೇ ಅಲ್ಲಿ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹಳ್ಳಿಗೆ ಹೋಗುತ್ತಿದ್ದವು.

ಇನ್ನೊಂದು ಮಾತು. ಕಮಿಟಿಗಳಿಗೆ ಕರೆದಾಗೆಲ್ಲ ಹೂಂ ಅನ್ನಬೇಡ. ಗ್ರಾಮೀಣರ ಹೆಸರೊಂದು ಇರಲಿ ಅಂತ ಸುಮ್ನೆ ಸೇರಿಸಿಕೊಳ್ಳುವುದುಂಟು. ಪ್ರತಿ ಸಭೆ ಮುಗಿದ ಮೇಲೆ ಏನಾಯಿತು, ಏನಾಗಲಿಲ್ಲ ಅಂತ ಮೇಲ್ವಿಚಾರಕಿಯರ ವಾಟ್ಸಾಪ್ ಗುಂಪಿಗೆ ಕನ್ನಡದಲ್ಲಿ ಹಾಕು. ಅವರು ಬೈದರೆ ಬೈಸಿಕೋ.

ಮೊದಲ ಸಭೆಯ ಅಜೆಂಡಾ ಬಂದ ಕೂಡಲೇ ನನಗೂ ಕಳಿಸು. ಹಿಂದಿಯಲ್ಲಿದ್ದರೂ ಪರವಾಗಿಲ್ಲ, ಯಾರ ಕೈಲಾದರೂ ಓದಿಸಿಕೊಳ್ಳುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ